ಒಬ್ಬನಿಗಷ್ಟೇ ಬಂದ ಹಣ

ಹಿಂದೆ ನಿಂತವರು ಸ್ವಲ್ಪ ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ತಾಯಂದಿರು ಕೂಸುಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳಿ. ಇವತ್ತಿನ ದೃಷ್ಟಾಂತ ಕೋರ್ಟು ಕಚೇರಿಯದ್ದು. ಕೋರ್ಟು ಅಂದ ಕೂಡಲೆ ಕೆಲವರು ಮುಖ ಸಣ್ಣ ಮಾಡಿಕೊಂಡಿರಿ, ನೋಡಿದೆ. ಹೆದರಬೇಡಿ, ಕೇಸು ನಿಮ್ಮದಲ್ಲ. ಕೊನೆಗೆ ನಿಮ್ಮದಾದರೆ ಆಗ ನೋಡೋಣ.

ಒಂದು ಪೇಟೆ ಊರು. ಅಲ್ಲಿ ಖಣ ನೇಯಿಸಿ ಮಾರುವ ಒಬ್ಬ ಅನುಕೂಲಸ್ಥ. ಖಣ ಅಂದರೇನು ಅಂತ ನಿಮಗೆ ಹೇಳಬೇಕೆ? ಇಲ್ಲಿ ಕೂತ ತಾಯಂದಿರಲ್ಲಿ ಅರ್ಧ ಜನ ಅದರದ್ದೇ ಕುಪ್ಪಸ ಹೊಲಿಸಿಕೊಂಡು ಬಂದಿದ್ದೀರಿ. ಆತನ ಹೆಸರು ಈರಸಂಗಪ್ಪ ಅಂತ ಇಟ್ಟುಕೊಳ್ಳಿ. ಪೇಟೆ ಬೀದಿಯಲ್ಲಿ ಅಂಗಡಿ, ಹಿಂದುಗಡೆ ಗೋದಾಮು, ಊರ ತುಂಬ ಆತನಿಗಾಗಿ ನೇಯುವ ಮಗ್ಗಗಳು. ಒಳ್ಳೆಯವನೇ. ಗಜ ಕಡಿಮೆ ಹಾಕಿದವನಲ್ಲ. ಶನಿವಾರ ಬಂತೆಂದರೆ ನೇಕಾರರ ಕೂಲಿ ಬಟವಡೆ ತಪ್ಪಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯನ್ನು ಕೆಟ್ಟವನ ಕಥೆ ಅಂತ ಕೇಳಿಬಿಟ್ಟರೆ ನಿಮಗೆ ಏನೂ ದಕ್ಕುವುದಿಲ್ಲ.

ಆತನ ಸೊಸೆ ಭುವನಾ ಜಾಣೆ. ಖಣದ ಚಿತ್ರ ತೆಗೆದು ಇಂಟರ್ನೆಟ್ಟಿಗೆ ಹಾಕಿದಳು. ಸಿಂಗಾಪುರದವರು ಕೇಳಿದರು, ಲಂಡನ್ನಿನವರು ಕೇಳಿದರು. ವ್ಯಾಪಾರ ಏರಿತು. ಆದರೆ ನೋಡಿ, ಪರದೇಶದ ಗಿರಾಕಿ ರೊಕ್ಕ ಕಟ್ಟಿದರೆ ಅದು ನೇರವಾಗಿ ಈರಸಂಗಪ್ಪನ ಬ್ಯಾಂಕಿಗೆ ಬರುತ್ತಿರಲಿಲ್ಲ. ನಡುವೆ ಒಂದು ಕಂಪನಿ. ಅದು ರೊಕ್ಕ ಹಿಡಿದುಕೊಂಡು, ತನ್ನ ಪಾಲು ಮುರಿದುಕೊಂಡು, ಉಳಿದದ್ದನ್ನು ಇವರಿಗೆ ಕಳಿಸುತ್ತಿತ್ತು. ಕಂಪನಿ ಎಲ್ಲಿಯದು? ಯಾವುದೋ ಸಮುದ್ರದ ನಡುವಿನ ದ್ವೀಪದ್ದು. ಬೆಂಗಳೂರಿನಲ್ಲಿ ಒಂದು ಆಫೀಸು ಇತ್ತು, ಇಲ್ಲಿನ ಬ್ಯಾಂಕಿನಲ್ಲಿ ಒಂದು ಖಾತೆಯೂ ಇತ್ತು. ಎರಡು ವರ್ಷ ಎಲ್ಲ ಸಲೀಸು.

ಒಂದು ದೀಪಾವಳಿಯ ಮುಂದೆ, ಮಾಲೆಲ್ಲ ಹೋದ ಮೇಲೆ, ರೊಕ್ಕ ನಿಂತಿತು. ಭುವನಾ ಮೊಬೈಲು ತೆಗೆದು ನೋಡಿದರೆ ಒಂದು ಸಾಲು: ನಿಮ್ಮ ಖಾತೆ ಪರಿಶೀಲನೆಯಲ್ಲಿದೆ. ಏನು ಪರಿಶೀಲನೆ? ಯಾಕೆ? ಯಾರು ಮಾಡುತ್ತಿದ್ದಾರೆ? ಬರೆದು ಕೇಳಿದಳು. ಉತ್ತರ ಬಂತು, ನಿಮ್ಮ ತಾಳ್ಮೆಗೆ ಧನ್ಯವಾದ. ಮತ್ತೆ ಬರೆದಳು. ನಿಮ್ಮ ತಾಳ್ಮೆಗೆ ಧನ್ಯವಾದ. ಫೋನು ಮಾಡಿದರೆ ಹಾಡು ಕೇಳಿಸುತ್ತಿತ್ತು, ಹಾಡಿನ ಕೊನೆಗೆ ಕಟ್ಟಾಗುತ್ತಿತ್ತು. ನಗಬೇಡಿ. ನಗುವವರ ಮನೆಯಲ್ಲೂ ಇಂಥ ಫೋನು ಬಂದಿರುತ್ತದೆ.

ಈರಸಂಗಪ್ಪ ಪೊಲೀಸ್ ಠಾಣೆಗೆ ಹೋದ. ಇದು ಕಳ್ಳತನ ಅಲ್ಲ, ನಿಮ್ಮ ಅವರ ವ್ಯವಹಾರ ಅಂದರು. ಬ್ಯಾಂಕಿಗೆ ಹೋದ. ರೊಕ್ಕ ನಮ್ಮ ಕೈಗೆ ಬಂದೇ ಇಲ್ಲವಲ್ಲ, ನಾವೇನು ಮಾಡೋಣ ಅಂದರು. ಗ್ರಾಹಕರ ಆಯೋಗಕ್ಕೆ ಹೋದ. ನೀವು ಗ್ರಾಹಕರಲ್ಲ, ವ್ಯಾಪಾರಿ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಕುರ್ಚಿ ಕೊಟ್ಟು ಕೂರಿಸಿಯೇ ಕೈ ಎತ್ತಿದರು.

ಕಡೆಗೆ ಧಾರವಾಡದ ಒಬ್ಬ ವಕೀಲೆಯ ಹತ್ತಿರ ಹೋದ. ಅನಸೂಯಾ ಕಟ್ಟಿಮನಿ ಅಂತ. ಆಕೆ ಕಂಪನಿಯ ಕರಾರನ್ನು ಪೂರ್ತಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಸಾಹುಕಾರ್ರ, ತಂಟೆ ಬಂದ್ರ ಅವರ ದ್ವೀಪದಾಗ ಹೋಗಿ ಬಗಿಹರಿಸ್ಕೋಬೇಕು ಅಂತ ಇದರಾಗ ಬರದೈತಿ. ನೀವು ಒಪ್ಪೀರಿ."

"ನಾ ಯಾವಾಗ ಒಪ್ಪಿನ್ರಿ? ನಾ ಒಂದ ಸಹಿನೂ ಹಾಕಿಲ್ಲ."

"ಮೊಬೈಲ್‌ನ್ಯಾಗ ಒಪ್ಪಿದೆ ಅಂತ ಒತ್ತೀರಲ್ಲ."

ಒತ್ತಿದ್ದು ಹೌದು. ನಾವೆಲ್ಲ ಒತ್ತುತ್ತೇವೆ.

"ಒಂದ ದಾರಿ ಐತಿ" ಅಂದಳು ವಕೀಲೆ. "ಆ ದ್ವೀಪದ ಜಗಳ ಮುಗಿಯೋತನಕ, ಅವರ ರೊಕ್ಕ ಇಲ್ಲಿನ ಬ್ಯಾಂಕಿನ್ಯಾಗ ಎಷ್ಟೈತೋ ಅದು ಕದಲಬಾರದು ಅಂತ ಇಲ್ಲೇ ಹೈಕೋರ್ಟಿನ್ಯಾಗ ತಡೆ ಕೇಳಬಹುದು. ಆದ್ರ ನೀವು ಒಬ್ರ ಬಂದ್ರ, ಒಬ್ಬ ವ್ಯಾಪಾರಿ ತಕರಾರು ಅಂತಾರ. ನಿಮ್ಮಂಗ ಸಿಕ್ಕೊಂಡವ್ರು ಇನ್ನೂ ಇರಬೇಕು. ಹುಡುಕ್ರಿ. ಎಲ್ಲಾರ ಅರ್ಜಿ ಕೂಡಿ ವಿಚಾರಣಿಗೆ ಬಂದ್ರ ಬಲ ಬರ್ತೈತಿ."

ಹುಡುಕಿದ. ಭುವನಾ ಇಂಟರ್ನೆಟ್ಟಿನಲ್ಲಿ ಹುಡುಕಿದಳು, ಈತ ಬಸ್ಸು ಹತ್ತಿ ಹುಡುಕಿದ. ಅಥಣಿಯಲ್ಲಿ ಚಪ್ಪಲಿ ಹೊಲಿದು ಪರದೇಶಕ್ಕೆ ಕಳಿಸುವ ಪರಸಪ್ಪ ಸಿಕ್ಕ. ಇನ್ನೂ ನಾಲ್ಕಾರು ಜನ ಸಿಕ್ಕರು. ನವಲಗುಂದದಲ್ಲಿ ಜಮಖಾನೆ ನೇಯುವ ಬೀಬಿಜಾನ್ ಸಿಕ್ಕಳು. ಗಂಡ ತೀರಿಕೊಂಡಿದ್ದ, ಮನೆಯಲ್ಲೇ ಮಗ್ಗ, ಜೊತೆಗೆ ಓಣಿಯ ಇನ್ನೊಂದಿಷ್ಟು ಹೆಂಗಸರು. ಆಕೆಗೆ ಬರಬೇಕಾದದ್ದು ಈರಸಂಗಪ್ಪನದಕ್ಕಿಂತ ಎಷ್ಟೋ ಕಡಿಮೆ. ಆದರೆ ಆಕೆಯ ಹತ್ತಿರ ಇದ್ದದ್ದೇ ಅಷ್ಟು.

"ಕೋರ್ಟ್ ಅಂದ್ರ ನನಗ ಅಂಜಿಕಿರಿ ಅಣ್ಣಾರ" ಅಂದಳು. "ಹೋದದ್ದು ಹೋತು ಅಂತ ಬಿಟ್ಟಬಿಟ್ಟೀನಿ."

"ಹಂಗ ಬಿಡಬ್ಯಾಡ ತಂಗಿ. ಮುಂದ ನಾ ನಿಂದರ್ತೀನಿ. ನೀ ಬರೇ ನನ್ನ ಹಿಂದ ಬಾ."

ಆಕೆ ಬಂದಳು.

ಆಮೇಲೆ ಶುರುವಾಯಿತು ತಾರೀಕಿನ ಮೇಲೆ ತಾರೀಕು. ಕೋರ್ಟಿನ ಮೊಗಸಾಲೆಯಲ್ಲಿ ಒಂದು ಉದ್ದ ಬೆಂಚು, ಅದರ ಮೇಲೆ ಇವರೆಲ್ಲ ಸಾಲಾಗಿ. ಕಂಪನಿಯ ವಕೀಲರು ಕಾಲಾವಕಾಶ ಕೇಳುವರು, ಕಾಲಾವಕಾಶ ಸಿಗುವುದು, ಇವರು ಊಟದ ಗಂಟು ಬಿಚ್ಚುವರು. ಈರಸಂಗಪ್ಪನ ಮನೆಯ ಜೋಳದ ರೊಟ್ಟಿ, ಪರಸಪ್ಪನ ಮನೆಯ ಶೇಂಗಾ ಚಟ್ನಿ, ಬೀಬಿಜಾನ್ ತಂದ ಮಾವಿನಕಾಯಿ ಉಪ್ಪಿನಕಾಯಿ. ಮೂರನೆಯ ತಾರೀಕಿಗೆಲ್ಲ ಯಾರ ಮಗಳ ಹೆರಿಗೆ ಯಾವಾಗ, ಯಾರಿಗೆ ಬಿ.ಪಿ. ಗುಳಿಗೆ ಎಷ್ಟು ಹೊತ್ತಿಗೆ, ಎಲ್ಲ ಎಲ್ಲರಿಗೂ ಗೊತ್ತು.

ಒಂದು ದಿನ ಕಂಪನಿಯ ವಕೀಲರು ನ್ಯಾಯಾಧೀಶರ ಮುಂದೆ ನಿಂತು ಹೇಳಿದರು: "ಸ್ವಾಮೀ, ಪರಿಶೀಲನೆ ನಡೆಯುತ್ತಿದೆ. ಅದು ಮುಗಿಯದೆ ಯಾರಿಗೂ ಒಂದು ಪೈಸೆ ಬಿಡಲು ನಮ್ಮ ನಿಯಮದಲ್ಲಿ ಅವಕಾಶವೇ ಇಲ್ಲ." ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಯಾರಿಗೂ ಅಂದರು. ಅವಕಾಶವೇ ಇಲ್ಲ ಅಂದರು.

ಅದಾದ ವಾರದೊಳಗೆ ಈರಸಂಗಪ್ಪನಿಗೆ ಒಂದು ಫೋನು ಬಂತು. ಈ ಸಲ ಹಾಡಿಲ್ಲ. ಮನುಷ್ಯನೇ. ಬೆಂಗಳೂರಿನ ಆಫೀಸಿನವನು.

"ಸರ್, ನಿಮ್ದು ಪೂರ್ತಿ ಕ್ಲಿಯರ್ ಮಾಡ್ಬಿಡ್ತೀವಿ ಸರ್. ಒಂದು ಪೇಪರ್‌ಗೆ ಸೈನ್ ಹಾಕ್ಬೇಕು, ಅಷ್ಟೇ. ಕೇಸು ವಾಪಸ್ ತಗೊಳ್ಳಿ. ಈ ವಿಷ್ಯ ಬೇರೆ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ದುಡ್ಡು ವಾಪಸ್ ಕೊಡ್ಬೇಕಾಗುತ್ತೆ."

"ಮತ್ತ ಉಳದವ್ರದು?"

"ಅವ್ರದು ಪ್ರೊಸೆಸ್‌ನಲ್ಲಿದೆ ಸರ್. ಅವ್ರ ಬಗ್ಗೆ ನೀವ್ಯಾಕೆ ತಲೆ ಕೆಡಿಸ್ಕೋತೀರಾ?"

ಈಗ ನಾನು ನಿಮ್ಮನ್ನು ಕೇಳುತ್ತೇನೆ. ನೀವಾಗಿದ್ದರೆ? ಬೇಗ ಉತ್ತರ ಕೊಡಬೇಡಿ. ಮಠದಲ್ಲಿ ಕೂತು ಉತ್ತರ ಕೊಡುವುದು ಸುಲಭ. ಈರಸಂಗಪ್ಪನ ಮನೆ ಹೇಗಿತ್ತು ಅಂತ ನೋಡಿ. ಅರ್ಧ ಮಗ್ಗಗಳು ನಿಂತಿದ್ದವು. ನೂಲು ತರಲು ಕೈಯಲ್ಲಿ ಕಾಸಿಲ್ಲ. ಆತನ ನೇಕಾರರಲ್ಲಿ ಇಬ್ಬರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದರು. ಶನಿವಾರ ಬಂದರೆ ಆತ ಅಂಗಡಿಯ ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದ, ಮುಂಬಾಗಿಲಲ್ಲಿ ಕೂತವರ ಮುಖ ನೋಡಲಾಗದೆ. ಇದು ದುರಾಸೆಯೇ? ಅಲ್ಲ. ಹಸಿದವರ ಅನ್ನ.

ಮನೆಯಲ್ಲಿ ಹೇಳಿದ. ಹೆಂಡತಿ ನೀಲವ್ವ ಕೈಮುಗಿದಳು. "ದೇವ್ರು ಕಣ್ಣ ತೆರದಾನ. ತಗೋರಿ. ಸುಮ್ಮನ ತಗೋರಿ."

ಸೊಸೆ ಕೇಳಿದಳು: "ಮಾವಾರ, ಉಳದವ್ರಿಗೆ ಹೇಳಬಾರದು ಅಂತ ಯಾಕ ಅಂದ್ರು?"

"ಅದು ಅವರ ಕಾನೂನಿರಬೇಕವ್ವ" ಅಂದ ಈರಸಂಗಪ್ಪ. ದನಿ ಸ್ವಲ್ಪ ಗಡುಸಾಯಿತು. ಆತನಿಗೂ ಉತ್ತರ ಗೊತ್ತಿತ್ತು, ಅದಕ್ಕೇ ಗಡುಸಾಯಿತು.

ಸಹಿ ಹಾಕಿದ. ಮರುದಿನ ಮಧ್ಯಾಹ್ನ ರೊಕ್ಕ ಬಂತು. ಎಷ್ಟು ತಿಂಗಳು ಕಾಡಿಸಿದ ರೊಕ್ಕ! ಒಂದು ಕಾಗದ ಕೇಳಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ, ಪೂರ್ತಿ ಬಂತು. ಆ ಶನಿವಾರ ಹಿಂದಿನದೂ ಸೇರಿಸಿ ಬಟವಡೆ ಮಾಡಿದ. ಗೋವಾದವರಿಗೆ ಫೋನು ಹೋಯಿತು. ಓಣಿಯಲ್ಲಿ ಮಗ್ಗದ ಸಪ್ಪಳ ಮತ್ತೆ ಕೇಳಿತು. ವಕೀಲೆಗೆ ಫೋನು ಮಾಡಿ, "ನನ್ನ ಅರ್ಜಿ ಹಿಂದಕ್ಕ ತಗೋರಿ, ಕಾರಣ ಕೇಳಬ್ಯಾಡ್ರಿ" ಅಂದ. ಆಕೆ ಕೇಳಲಿಲ್ಲ. ಆಕೆಗೆ ವಯಸ್ಸಾಗಿತ್ತು, ಇಂಥದ್ದು ನೋಡಿದ್ದಳು.

ಮುಂದಿನ ತಾರೀಕು ಬಂತು. ಈರಸಂಗಪ್ಪ ಧಾರವಾಡಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತ. ಗಿರಾಕಿಗೆ ಖಣ ಅಳೆದು ಕೊಟ್ಟ, ಮತ್ತೆ ಅಳೆದ. ಗಡಿಯಾರ ನೋಡಿದ. ಈಗ ಅವರೆಲ್ಲ ಬೆಂಚಿನ ಮೇಲೆ ಕೂತಿರುತ್ತಾರೆ ಅಂದುಕೊಂಡ. ಸಂಜೆ ಹೊತ್ತಿಗೆ ಫೋನು ಬಂತು. ಬೀಬಿಜಾನ್. ಎತ್ತಲೋ ಬೇಡವೋ ಅಂತ ನೋಡಿ ನೋಡಿ ಎತ್ತಿದ. ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಣ್ಣಾರ, ಆರಾಮ ಅದೀರಿಲ್ಲೋ? ಇವತ್ತ ಬರ್ಲಿಲ್ಲಲ್ಲ. ವಕೀಲಮ್ಮಾರ ಏನೂ ಹೇಳವಲ್ರು. ಪರಸಪ್ಪಣ್ಣ ಅಂತಾನ, ನಿಮಗ ಬಿ.ಪಿ. ಏರಿರಬೇಕು ಅಂತ. ಗುಳಿಗಿ ಬಿಡಬ್ಯಾಡ್ರಿ. ಕೇಸಿಂದು ಚಿಂತಿ ಮಾಡಬ್ಯಾಡ್ರಿ. ನಾವು ಅದೀವಿ."

ನಾವು ಅದೀವಿ.

ಕೇಳಿದಿರಾ? ಕೋರ್ಟ್ ಅಂದರೆ ಅಂಜುತ್ತಿದ್ದ ಹೆಣ್ಣುಮಗಳು ಇವನಿಗೆ ಧೈರ್ಯ ಹೇಳುತ್ತಿದ್ದಾಳೆ. ಈರಸಂಗಪ್ಪ ಏನಂದ? "ಹೂಂ ತಂಗಿ, ಮೈಯಾಗ ಆರಾಮಿಲ್ಲ" ಅಂದ. ಫೋನು ಇಟ್ಟ. ಆವತ್ತಿನಿಂದ ಆತನಿಗೆ ಊಟ ಸೇರಲಿಲ್ಲ. ರೊಕ್ಕ ಬಂದಿದೆ, ಮಗ್ಗ ಆಡುತ್ತಿದೆ, ನೇಕಾರರು ನಗುತ್ತಿದ್ದಾರೆ, ಆದರೂ ತುತ್ತು ಇಳಿಯುತ್ತಿಲ್ಲ. ನೀಲವ್ವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದಳು. ಆತ ಬೇಡ ಅಂದ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಧಾರವಾಡದ ಬಸ್ಸು ಹತ್ತಿದ.

ವಕೀಲೆಯ ಮುಂದೆ ಕೂತು ಎಲ್ಲ ಹೇಳಿದ. ಹೇಳುತ್ತಿದ್ದಂತೆ ಆಕೆ ಬರೆಯುವುದನ್ನು ನಿಲ್ಲಿಸಿದಳು.

"ಸಹಿ ಹಾಕಿದ ಮರುದಿನ ಬಂತೇನ್ರಿ? ಪೂರಾ?"

"ಪೂರಾ ಬಂತ್ರಿ."

"ಪರಿಶೀಲನಾ ಮುಗಿಯದ ಯಾರಿಗೂ ಬಿಡಾಕ ಬರಂಗಿಲ್ಲ ಅಂತ ನ್ಯಾಯಾಧೀಶರ ಮುಂದ ಹೇಳ್ಯಾರಲ್ಲ. ನಿಮ್ಮ ಪರಿಶೀಲನಾ ಯಾವಾಗ ಮುಗೀತು?"

"ಎಲ್ಲೀ ಪರಿಶೀಲನಾರಿ? ನನ್ನ ಒಂದ ಮಾತೂ ಕೇಳಿಲ್ಲ."

ಆಕೆ ಕುರ್ಚಿಗೆ ಒರಗಿದಳು. "ಸಾಹುಕಾರ್ರ, ಇಷ್ಟ ದಿನ ನಾವು ಬಡಕೊಂಡ್ರೂ ಸಿಗಲಾರದ್ದು ನಿಮ್ಮ ಬಾಯಾಗೈತಿ. ಇದನ್ನ ಪ್ರಮಾಣ ಮಾಡಿ ಕೋರ್ಟಿಗೆ ಹೇಳ್ತೀರಾ? ಹೇಳಿದ್ರ ನಿಮ್ಮ ರೊಕ್ಕ ತಿರುಗಿ ಕೇಳ್ತಾರ. ಕೊಡಬೇಕಾಗಂಗಿಲ್ಲ ಅಂತ ನಾ ಸುಳ್ಳ ಧೈರ್ಯ ಹೇಳಂಗಿಲ್ಲ."

ರೊಕ್ಕ ಎಲ್ಲಿದೆ? ಅರ್ಧ ನೇಕಾರರ ಮನೆ ಸೇರಿದೆ, ಇನ್ನರ್ಧ ನೂಲಾಗಿದೆ. ಈರಸಂಗಪ್ಪ ಎದ್ದು ಹೊರಗೆ ಹೋದ. ಎದುರಿನ ಅಂಗಡಿಯಲ್ಲಿ ಚಹಾ ತೆಗೆದುಕೊಂಡ, ಅದು ಆರಿಹೋಗುವ ತನಕ ಹಿಡಿದುಕೊಂಡೇ ನಿಂತ. ಗೋದಾಮು ಒತ್ತೆ ಇಡಬೇಕಾಗುತ್ತದೆ ಅಂತ ಲೆಕ್ಕ ಹಾಕಿದ. ನೀಲವ್ವ ಏನನ್ನುತ್ತಾಳೆ ಅಂತಲೂ ಲೆಕ್ಕ ಹಾಕಿದ. ತಿರುಗಿ ಒಳಗೆ ಬಂದು, "ಬರ್ಕೋರಿ" ಅಂದ.

ಕೋರ್ಟಿನ ದಿನ ಮೊಗಸಾಲೆಗೆ ಮೊದಲೇ ಹೋಗಿ, ಎಲ್ಲರ ಮುಂದೆ ನಿಂತು ತಾನು ಮಾಡಿದ್ದನ್ನು ತಾನೇ ಹೇಳಿದ. ಪರಸಪ್ಪ ಎದ್ದು ನಿಂತ. "ನಡುನೀರಾಗ ಬಿಟ್ಟ ಹೋದ್ರಲ್ಲ ಸಾಹುಕಾರ್ರ! ನಿಮಗ ಬಿ.ಪಿ. ಅಂತ ನಾ ಹರಕಿ ಹೊತ್ತೀನಲ್ರಿ!" ಅಂದು ಮುಖ ತಿರುಗಿಸಿ ದೂರ ಹೋಗಿ ನಿಂತ. ಬೀಬಿಜಾನ್ ಕೂತಲ್ಲೇ ಸೆರಗು ಸರಿಮಾಡಿಕೊಂಡಳು.

"ನಿಮಗ ರೊಕ್ಕ ಬಂತಂತ ನನಗ ಸಿಟ್ಟಿಲ್ರಿ ಅಣ್ಣಾರ" ಅಂದಳು. "ನಿಮ್ಮ ನೇಕಾರ್ರೂ ಉಣ್ಣಬೇಕಲ್ಲ. ಫೋನ್ ಮಾಡಿದಾಗ ಒಂದ ಮಾತ ಹೇಳಬಹುದಿತ್ತು."

ಈರಸಂಗಪ್ಪ ಹೋಗಿ ಬೆಂಚಿನ ತುದಿಗೆ ಕೂತ. ಆವತ್ತು ಯಾರೂ ಊಟದ ಗಂಟು ಬಿಚ್ಚಲಿಲ್ಲ.

ಒಳಗೆ ನ್ಯಾಯಾಧೀಶರು ಆತನ ಹೇಳಿಕೆ ಓದಿದರು. ಕಂಪನಿಯ ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: "ಯಾರಿಗೂ ಬಿಡಲು ಅವಕಾಶವಿಲ್ಲ ಅಂದಿದ್ದಿರಿ. ಈ ಮನುಷ್ಯ ಕೇಸು ಬಿಟ್ಟ ಕೂಡಲೆ ಅವಕಾಶ ಎಲ್ಲಿಂದ ಬಂತು?" ವಕೀಲರು ಮತ್ತೆ ಕಾಲಾವಕಾಶ ಕೇಳಿದರು. "ಕೊಡೋಣ" ಅಂದರು ನ್ಯಾಯಾಧೀಶರು. "ಮೊದಲು ಇವರೆಲ್ಲರ ಹಣ ತಂದು ಕೋರ್ಟಿನಲ್ಲಿ ಇಡಿ. ಆಮೇಲೆ ಎಷ್ಟು ಬೇಕಾದರೂ ಪರಿಶೀಲಿಸಿ." ಈರಸಂಗಪ್ಪನಿಗೂ ಹೇಳಿದರು, ನೀವು ತೆಗೆದುಕೊಂಡದ್ದನ್ನೂ ತಂದಿಡಿ, ಬಗೆಹರಿಯುವ ತನಕ ಎಲ್ಲರದೂ ಒಂದೇ ಕಡೆ ಇರಲಿ ಅಂತ. ಆತ ಗೋದಾಮು ಒತ್ತೆ ಇಟ್ಟ. ನೀಲವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬ್ಯಾಂಕಿಗೆ ಜೊತೆಗೆ ಹೋದಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಕಂಪನಿ ಮೇಲಿನ ಕೋರ್ಟಿಗೆ ಹೋಯಿತು, ಅಲ್ಲೂ ಸೋತಿತು. ರೊಕ್ಕ ಕೋರ್ಟಿನಲ್ಲಿ ಸಿಕ್ಕಿಕೊಂಡ ಮೇಲೆ ಆ ದ್ವೀಪಕ್ಕೆ ಜಗಳ ಆಡುವ ಹುರುಪು ಉಳಿಯಲಿಲ್ಲ. ಮತ್ತೊಂದು ದೀಪಾವಳಿ ದಾಟಿದ ಮೇಲೆ ರಾಜಿಗೆ ಬಂತು. ಎಲ್ಲರಿಗೂ ಪೂರ್ತಿ, ಎಲ್ಲರಿಗೂ ಒಂದೇ ದಿನ. ಬೀಬಿಜಾನ್ ತನ್ನ ಹೆಂಗಸರಿಗೆ ಹಂಚಿ ಹೊಸ ನೂಲು ತಂದಳು. ಈರಸಂಗಪ್ಪನಿಗೆ ಗೋದಾಮಿನ ಒತ್ತೆಯ ಬಡ್ಡಿ ಮೈಮೇಲೆ ಬಿತ್ತು, ಅದನ್ನು ಯಾರೂ ಕೊಡಲಿಲ್ಲ. ಪರಸಪ್ಪ ಆತನ ಹತ್ತಿರ ಮೊದಲಿನಂತೆ ಮಾತಾಡಲು ಬಹಳ ದಿನ ಹಿಡಿಯಿತು. ನಡೆದದ್ದು ಇಷ್ಟು.

ಈಗ ನಿಮ್ಮ ಕಡೆ ಬರುತ್ತೇನೆ.

ಈ ಕಥೆಯಲ್ಲಿ ಕೆಟ್ಟವರು ಯಾರು? ದ್ವೀಪದವರು ಅನ್ನುತ್ತೀರಿ. ಸರಿ. ಅವರನ್ನು ನೀವೂ ನಾನೂ ತಿದ್ದಲಾರೆವು, ಅದಕ್ಕೆ ಕೋರ್ಟು ಇದೆ. ಆದರೆ ನೋಡಿ, ಆ ಕಂಪನಿಯ ಶಕ್ತಿ ಎಲ್ಲಿತ್ತು? ಸಮುದ್ರದಲ್ಲಿತ್ತೇ? ಕರಾರಿನಲ್ಲಿತ್ತೇ? ಬೆಂಚಿನ ಮೇಲೆ ಕೂತ ಅಷ್ಟು ಜನರಲ್ಲಿ ಯಾರಿಗೆ ಮೊದಲು ಕೊಟ್ಟರೆ ಬೆಂಚು ಮುರಿಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಅಷ್ಟೇ ಅವರ ವಿದ್ಯೆ. ಆ ವಿದ್ಯೆ ದ್ವೀಪದವರಿಗೆ ಮಾತ್ರ ಗೊತ್ತಿದೆ ಅಂದುಕೊಂಡಿರಾ?

ಮೊನ್ನೆ ನಿಮ್ಮ ಓಣಿಗೆ ನೀರು ಬರಲಿಲ್ಲ. ಹತ್ತು ಮನೆಯವರು ಕೂಡಿ ಪುರಸಭೆಗೆ ಹೋದಿರಿ. ನಿಮಗೆ ಅಲ್ಲಿ ಒಬ್ಬರ ಗುರುತು ಇತ್ತು. ನಿಮ್ಮ ಮನೆಗೆ ಬೇರೆ ಪೈಪು ಬಂತು. ಮರುದಿನ ಉಳಿದವರ ಜೊತೆ ನೀವು ಹೋದಿರಾ? ಇಲ್ಲಿ ಯಾರನ್ನೂ ಬೆರಳು ಮಾಡಿ ತೋರಿಸುತ್ತಿಲ್ಲ, ಆದರೂ ಒಂದಿಬ್ಬರು ತಲೆ ತಗ್ಗಿಸಿದಿರಿ. ವಿಧವಾ ವೇತನದ ಕಾಗದ ಹಿಡಿದು ಮೂರು ಸಲ ತಿರುಗಿದಿರಿ ತಾಯಿ, ನಾಲ್ಕನೆಯ ಸಲ ಆಯಿತು. ಯಾವ ಕಾಗದ ಕಡಿಮೆ ಇತ್ತು, ಯಾವ ಕಿಟಕಿಯಲ್ಲಿ ಕೊಡಬೇಕಿತ್ತು, ಎಲ್ಲ ನಿಮಗೆ ತಿಳಿಯಿತು. ನಿಮ್ಮ ಹಿಂದೆ ಇನ್ನೊಬ್ಬಾಕೆ ಅದೇ ಕಾಗದ ಹಿಡಿದು ನಿಂತಿದ್ದಳು. ಆಕೆಗೆ ಹೇಳಿದಿರಾ? ಬಸ್ಸಿನ ಹೊತ್ತಾಯಿತು ಅಂತ ಬಂದುಬಿಟ್ಟಿರಾ?

ಕೇಡು ಮಾಡಲಿಲ್ಲ ನಿಜ. ಈರಸಂಗಪ್ಪನೂ ಕೇಡು ಮಾಡಬೇಕು ಅಂತ ಮಾಡಲಿಲ್ಲ. ತನ್ನ ಕೆಲಸ ಆಯಿತು ಅಂತ ಎದ್ದು ಹೋದ, ಅಷ್ಟೇ. ಎದ್ದು ಹೋದ ಜಾಗ ಖಾಲಿ ಉಳಿಯಿತಲ್ಲ, ಆ ಖಾಲಿಯಲ್ಲೇ ಉಳಿದವರು ಬಿದ್ದರು.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಹೇಳುವುದಿಲ್ಲ. ಯಾರಾದರೂ ನಿಮಗೊಬ್ಬರಿಗೇ ಒಂದು ಅನುಕೂಲ ಮಾಡಿಕೊಡುತ್ತೇವೆ, ಬೇರೆಯವರಿಗೆ ಹೇಳಬೇಡಿ ಅಂದರೆ, ಹೇಳಬೇಡಿ ಅನ್ನುವ ಮಾತಿಗೆ ನಿಲ್ಲಿ. ಯಾಕೆ ಹೇಳಬಾರದು ಅಂತ ಕೇಳಿ. ಅವರು ಉತ್ತರ ಕೊಡದಿದ್ದರೆ ಅದೇ ಉತ್ತರ. ಇನ್ನೊಂದು, ನಿಮ್ಮ ಕೆಲಸ ಆದ ದಿನವೇ, ಜೊತೆಗೆ ನಿಂತವರಿಗೆ ಬಾಯಿಬಿಟ್ಟು ಹೇಳಿ, ನನ್ನದಾಯಿತು, ಹೀಗಾಯಿತು ಅಂತ. ಅವರಿಗೆ ಹೊಟ್ಟೆಕಿಚ್ಚಾದೀತು ಅಂತ ಮುಚ್ಚಿಡಬೇಡಿ. ಹೊಟ್ಟೆಕಿಚ್ಚು ನಾಲ್ಕು ದಿನದ್ದು. ಮುಚ್ಚಿಟ್ಟದ್ದು ಗೊತ್ತಾದ ಮೇಲೆ ಆಗುವ ಗಾಯ ಮಾಯುವುದಿಲ್ಲ. ಆಮೇಲೆ, ನಿಮಗೆ ಬೇಕಾಗಿಲ್ಲದಿದ್ದರೂ ಇನ್ನೊಂದೇ ಒಂದು ಸಲ ಅವರ ಜೊತೆ ಆ ಕಚೇರಿಯ ಮೆಟ್ಟಿಲು ಹತ್ತಿ. ಒಂದೇ ಸಲ. ಅವರ ಪಕ್ಕದಲ್ಲಿ ಒಬ್ಬರು ನಿಂತಿದ್ದಾರೆ ಅಂತ ಕಿಟಕಿಯ ಒಳಗಿನವನಿಗೆ ಕಾಣಲಿ.

ನಾಳೆ ಸೋಮವಾರ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ತಾಲೂಕು ಕಚೇರಿಗೆ ಹೋಗುವವರಿದ್ದೀರಿ, ಆಸ್ಪತ್ರೆಗೆ ಹೋಗುವವರಿದ್ದೀರಿ. ಹೋಗಿ, ನಿಮ್ಮ ಕೆಲಸ ಮಾಡಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಹೊರಗೆ ಬರುವ ಮೊದಲು ಹಿಂದೆ ನಿಂತವರ ಕಡೆ ತಿರುಗಿ, "ನಿಮ್ಮದು ಏನಾಯಿತು?" ಅಂತ ಒಂದು ಮಾತು ಕೇಳಿ. ಕೇಳಿ ಸುಮ್ಮನಿರಬೇಡಿ, ಉತ್ತರ ಬರುವ ತನಕ ನಿಲ್ಲಿ.

ನಾಳೆಯ ತನಕ ಯಾಕೆ? ಈಗ ಪ್ರಸಾದಕ್ಕೆ ಏಳುತ್ತೀರಿ. ಸಾಲು ಉದ್ದ ಇದೆ, ಹಿಂದೆ ವಯಸ್ಸಾದವರಿದ್ದಾರೆ, ಕೂಸು ಎತ್ತಿಕೊಂಡವರಿದ್ದಾರೆ. ನಿಮ್ಮ ತಟ್ಟೆ ತುಂಬಿದ ಕೂಡಲೆ ಕಂಬದ ಮರೆಗೆ ಹೋಗಿ ಕೂರಬೇಡಿ. ತಟ್ಟೆ ಹಿಡಿದುಕೊಂಡೇ ಒಮ್ಮೆ ಹಿಂದಕ್ಕೆ ನೋಡಿ, ಯಾರಿಗೆ ಇನ್ನೂ ಬಂದಿಲ್ಲ ಅಂತ.